ಕಿವಿಗೆ ಮುಟ್ಟದ ಕೈ

ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿದರೆ ಮಗುವಿಗೆ ಆರು ವರ್ಷ. ನಮ್ಮ ಸಿಂದಗಿ ಕಡೆಯ ಶಾಲೆಗಳಲ್ಲಿ ವಯಸ್ಸು ಅಳೆಯುತ್ತಿದ್ದದ್ದು ಹೀಗೆ. ಹುಟ್ಟಿದ ದಿನದ ಕಾಗದ ಯಾರ ಮನೆಯಲ್ಲಿತ್ತು? ಕೈ ಮುಟ್ಟಿದವರನ್ನೆಲ್ಲ ಶಾಲೆಯ ಬಾಯಾರು, ಅಂದರೆ ಶಿಕ್ಷಕಿಯಾದ ನಾನೇ ಜೂನ್ ಒಂದನೇ ತಾರೀಖು ಹುಟ್ಟಿಸಿಬಿಡುತ್ತಿದ್ದೆ.

ಎಪ್ಪತ್ತೆರಡರ ಬರದಲ್ಲಿ ಸರ್ಕಾರ ಶಾಲೆಗೆ ಉಪ್ಪಿಟ್ಟಿನ ರವೆ ಕಳಿಸಿತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಅಂತ ಸುತ್ತೋಲೆ. ಆರು ತುಂಬುವ ತನಕ ಹಸಿವು ಕಾಯುತ್ತದೆ ಎಂದು ಅದನ್ನು ಬರೆದ ಪುಣ್ಯಾತ್ಮ ತಿಳಿದಿರಬೇಕು. ನಾನು ಮೊದಮೊದಲು ಸಣ್ಣವರನ್ನೂ ಸೇರಿಸಿಕೊಂಡೆ. ತಪಾಸಣೆಗೆ ಬಂದ ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಿವಿ ಮುಟ್ಟಿಸಿದರು. ಒಂಬತ್ತು ಹೆಸರಿಗೆ ಕೆಂಪು ಗೀಟು ಬಿತ್ತು.

"ಇನ್ನೊಂದು ಸಿಕ್ಕರ ನೌಕರಿ ಹೋಗ್ತೈತಿ ನೋಡ್ರಿ, ಗೋದೂಬಾಯಾರ," ಅಂದರು.

ಗಂಡ ಸತ್ತ ಮೇಲೆ ಆ ನೌಕರಿಯೊಂದೇ ನನಗೆ ಗತಿ. ಹೆದರಿದೆ.

ಮುಂದಿನ ವಾರ ಲಾಲಬಿ ಬಂದಳು. ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಖಡಿ ಕಲ್ಲು ಒಡೆಯುವವಳು. ಜೊತೆಗೆ ಮಗಳು ಅಬಿದಾ. ಐದೂ ತುಂಬಿರಲಿಕ್ಕಿಲ್ಲ, ಹೊಟ್ಟೆ ಬೆನ್ನಿಗೆ ಹತ್ತಿತ್ತು. ಅವಳ ಕೈ ನೆತ್ತಿ ದಾಟಿ ಅಲ್ಲಿಗೇ ನಿಂತಿತು.

"ಎರಡ ಬೆರಳ ಕಮ್ಮಿ ಬಿತ್ರಿ ಬಾಯಾರ. ಬರಕೋರಿ."

"ಕೈ ಮುಟ್ಟಿದ ಮ್ಯಾಲ ಕರಕೊಂಡ ಬಾ," ಅಂದೆ.

ಮುಂದಿನ ವರ್ಷ ಬಾ ಅನ್ನಬಹುದಿತ್ತು. ಅನ್ನಲಿಲ್ಲ.

ಹದಿನೈದು ದಿನಕ್ಕೆ ತಾಯಿ ಮಗಳು ಮತ್ತೆ ಬಾಗಿಲಲ್ಲಿ. ಲಾಲಬಿಯ ಮುಖ ಅರಳಿತ್ತು.

"ದಿನಾ ಮುಂಜಾನೆ ಎಣ್ಣಿ ಹಚ್ಚಿ ಕೈ ಜಗ್ಗೇನ್ರಿ. ನಿನ್ನಿ ಲಟಕ್ ಅಂತು. ಈಗ ಉದ್ದ ಆಗೇತಿ ನೋಡ್ರಿ."

ಅಬಿದಾಳ ಬಲಗೈ ಜೋತುಬಿದ್ದಿತ್ತು. ಹೆಗಲು ಬಾತು ಕರ್ರಗಾಗಿತ್ತು. ಹುಡುಗಿ ಅಳುತ್ತಿರಲಿಲ್ಲ, ಪಡಸಾಲೆಯಲ್ಲಿ ಉಪ್ಪಿಟ್ಟು ಕುದಿಯುತ್ತಿದ್ದ ಒಲೆಯ ಕಡೆ ನೋಡುತ್ತಿದ್ದಳು. ತಾಯಿ ಆ ಕೈ ಹಿಡಿದು ತಲೆಯ ಮೇಲೆ ಏರಿಸಹೋದಾಗ ಚೀರಿದಳು.

"ಬಿಡ ಲಾಲಬಿ! ಮುಟ್ತು, ಮುಟ್ತು!" ಎಂದು ಕೂಗಿ ಹಾಜರಿ ಪುಸ್ತಕ ತೆರೆದು ಹೆಸರು ಬರೆದೆ. ಸಾಹೇಬರೂ ನೆನಪಾಗಲಿಲ್ಲ, ನೌಕರಿಯೂ ನೆನಪಾಗಲಿಲ್ಲ. ಈ ಧೈರ್ಯ ಹದಿನೈದು ದಿನದ ಹಿಂದೆ ಎಲ್ಲಿ ಹೋಗಿತ್ತೋ, ನನ್ನ ಬಾಯಿಗೆ ಮಣ್ಣು ಬೀಳಲಿ. ದವಾಖಾನೆ ಇದ್ದದ್ದು ಸಿಂದಗಿಯಲ್ಲಿ, ಬಸ್ಸು ಬರುವುದು ಮಧ್ಯಾಹ್ನದ ಮೇಲೆ. ಅಷ್ಟರಲ್ಲಿ ಉಪ್ಪಿಟ್ಟು ಇಳಿಯಿತು.

ಮುತ್ತುಗದ ಎಲೆಯಲ್ಲಿ ಬಡಿಸಿದೆ. ಅಬಿದಾ ಎಡಗೈಯಿಂದ ಗಬಗಬ ಬಾಚಿ ತಿನ್ನತೊಡಗಿದಳು. ಎಲ್ಲರೆದುರು ನಾಚಿದ ಲಾಲಬಿ ಮಗಳ ಬೆನ್ನಿಗೆ ಮೆಲ್ಲಗೆ ಏಟು ಕೊಟ್ಟಳು.

"ಬಲಗೈಲೆ ಉಣ್ಣ, ಬೇಟಾ. ಬಾಯಾರು ನೋಡಾಕತ್ತಾರ."