ಮೊದಲು ಹೊಟ್ಟೆ, ಆಮೇಲೆ ಹತ್ತಿ

“ತಲೆ ಕಡೆ ಸ್ವಲ್ಪ ಎತ್ರಪ್ಪಾ, ಗೋಡೆಗೆ ತಾಗುತ್ತೆ!” ಎನ್ನುತ್ತ ನಾಲ್ವರು ಮೇಷ್ಟ್ರ ದೇಹವನ್ನು ಇಕ್ಕಟ್ಟಿನ ಮೆಟ್ಟಿಲಿಳಿಸುತ್ತಿದ್ದರು. ಮೇಷ್ಟ್ರು ಪಾಠ ಹೇಳಿದವರೇನಲ್ಲ, ಕ್ಯಾನ್ಸರ್ ಗಡ್ಡೆಗೆ ಚುಚ್ಚುವ ಆಸ್ಪತ್ರೆಯ ರೇಡಿಯಂ ಸೂಜಿಗಳನ್ನು ಮೂವತ್ತು ವರ್ಷ ಕಾದವರು. ಶಿಸ್ತು ನೋಡಿ ಜನ ಇಟ್ಟ ಹೆಸರದು.

“ಬೀಡಿ ಮುಟ್ಟಿದವರಲ್ಲ. ಶ್ವಾಸಕೋಶವೇ ಹೋಯ್ತಲ್ಲ, ಏನು ಹಣೆಬರಹವೋ!” ಎಂದಳು ಪಕ್ಕದ ಮನೆಯಾಕೆ.

ಹನ್ನೊಂದು ವರ್ಷ ಅವರ ಕೈಕೆಳಗಿದ್ದ ಸಹಾಯಕಿ ಅದನ್ನು ಕೇಳಿಸಿಕೊಂಡಳು. ಅವಳ ಕೆಮ್ಮಿಗೂ ಎರಡು ತಿಂಗಳಾಗಿತ್ತು.

“ಸಂಜೆ ಎಲ್ಲರೂ ಆಸ್ಪತ್ರೇಲಿ ಅವರ ಕೋಣೆಯಲ್ಲೇ ಸೇರೋಣ. ಸೂಜಿ ಬೀರು ಪಕ್ಕ ಫೋಟೋ ಹಾಕೋಣ,” ಎಂದರು ದೊಡ್ಡ ಡಾಕ್ಟರು. “ಅವರು ಸರಿ ಅಂದ ಸೂಜಿಗಳು. ನಾಳೆ ಕಣ್ಮುಚ್ಚಿ ಬಳಸಬಹುದು.”

*

ಸೂಜಿಯನ್ನು ಹತ್ತಿಯ ಜೊತೆ ಗಾಜಿನ ಕೊಳವೆಯಲ್ಲಿಟ್ಟು, ಬಿರಡೆ ಬಿಗಿದು, ಒಂದು ದಿನ ಬಿಡಬೇಕು. ಸೂಜಿ ಸೋರಿದ್ದರೆ ಒಳಗಿನ ರೇಡಿಯಂನಿಂದ ಹುಟ್ಟುವ, ಉಸಿರಾಡಿದರೆ ಶ್ವಾಸಕೋಶ ತಿನ್ನುವ ರೇಡಾನ್ ಅನಿಲ ಹತ್ತಿಯಲ್ಲಿ ಗುರುತು ಬಿಡುತ್ತದೆ. ವಿಕಿರಣ ಅಳೆಯುವ ಮೀಟರಿಗೆ ಹಿಡಿದಾಗ ಎಷ್ಟು ಟಕಟಕವೋ ಅಷ್ಟು ಸೋರಿಕೆ.

ಮೇಷ್ಟ್ರು ಹನ್ನೆರಡೂವರೆಗೆ ಹತ್ತಿ ತೆಗೆದಿಟ್ಟು ಊಟಕ್ಕೆ ಮನೆಗೆ ಹೋಗುವರು. ಮೂರೂವರೆಗೆ ಬಂದು ಅಳೆಯುವರು. “ಹತ್ತಿ ಎಲ್ಲಿ ಓಡಿಹೋಗುತ್ತೆ? ಮೊದಲು ಹೊಟ್ಟೆ, ಆಮೇಲೆ ಹತ್ತಿ!” ಮೀಟರು ಒಂದು ದಿನವೂ ಬಾಯಿ ಬಿಡಲಿಲ್ಲ. ‘ಸೋರಿಕೆಯಿಲ್ಲ’ ಎಂದು ದುಂಡಗೆ ಬರೆಯುವರು. ಅವರು ಹಾಸಿಗೆ ಹಿಡಿದ ಮೇಲೆ ಸಹಾಯಕಿಯೂ ಅದೇ ಹೊತ್ತು ಪಾಲಿಸಿದ್ದಳು.

ಇವತ್ತು ಬೆಳಿಗ್ಗೆ ಸಾವಿನ ಸುದ್ದಿ ಬಂದಿತ್ತು. ಹೊರಡುವ ಆತುರದಲ್ಲಿ ಸಹಾಯಕಿ ಏಳು ಗಂಟೆಗೇ ಹತ್ತಿ ತೆಗೆದು ಆಗಲೇ ಅಳೆದಳು. ಏಳನೇ ಸೂಜಿಯ ಹತ್ತಿಗೆ ಮೀಟರು ಹುಚ್ಚು ಹಿಡಿದಂತೆ ಬಡಿದುಕೊಂಡಿತು. ನಂಬಲಾಗದೆ ಹತ್ತು ಗಂಟೆಗೆ ಅದೇ ಹತ್ತಿಯನ್ನು ಮತ್ತೆ ಹಿಡಿದಳು. ಗಪ್‌ಚಿಪ್! ಅಯ್ಯೋ ದೇವರೇ, ಮೂರು ತಾಸಿಗೆ ಗುರುತೆಲ್ಲ ಅಳಿಸಿಹೋಗಿತ್ತು.

*

“ಆ ಕೋಣೆ ಬೇಡ ಸಾರ್.” ಮಣ್ಣಾದ ಮೇಲೆ ಹೇಳೋಣವೆಂದಿದ್ದದ್ದು ಸಹಾಯಕಿಯ ಬಾಯಿಗೆ ಬಂದೇಬಿಟ್ಟಿತು. “ಬೀಗ ಹಾಕಿ ಬಂದಿದೀನಿ. ಏಳನೇ ಸೂಜಿ ಸೋರ್ತಿದೆ. ಎಷ್ಟು ವರ್ಷದಿಂದಲೋ.”

“ಮೇಷ್ಟ್ರು ಅಳೀತಿದ್ರಲ್ಲಮ್ಮಾ?”

“ಅಳೀತಿದ್ರು... ಊಟ ಮಾಡ್ಕೊಂಡು ಬಂದು. ಅಷ್ಟೊತ್ತಿಗೆ ಹತ್ತಿಯಲ್ಲಿ ಏನೂ ಉಳೀತಿರಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿಗೆ ಅದು ಕೇಳಿಸಿತು. “ಒಬ್ಬಳೇ ಉಣ್ಣಲ್ಲ ಅಂತ ಹಟ ಹಿಡಿದು ಕರೆಸ್ಕೋತಿದ್ದವಳು ನಾನು ಕಣಮ್ಮಾ,” ಎಂದರು. “ಮೊದಲೇ ಅಳೆದಿದ್ರೆ ಗೊತ್ತಾಗ್ತಿತ್ತಾ?”

ಸುಳ್ಳು ಹೇಳಲು ಸಹಾಯಕಿಗೆ ನಾಲಗೆ ಏಳಲಿಲ್ಲ. “ಗೊತ್ತಾಗ್ತಿತ್ತು, ಅಮ್ಮಾ.”

ಅವರು ಒಳಗೆ ಹೋದರು. ಮೇಜಿನ ಮೇಲೆ ಎರಡು ತಟ್ಟೆ ಬೋರಲಾಗಿದ್ದವು. ಒಂದನ್ನು ಎತ್ತಿ, ಎಲ್ಲಿಡುವುದೆಂದು ತೋಚದೆ ನಿಂತರು.

ಅಷ್ಟರಲ್ಲಿ ಸಹಾಯಕಿಗೆ ಕೆಮ್ಮು ಬಂತು. ಬಾಯಿಗೆ ಸೆರಗು ಒತ್ತಿದರೂ ನಿಲ್ಲಲಿಲ್ಲ.

ತಟ್ಟೆ ಹಿಡಿದುಕೊಂಡೇ ಅವರು ಗಕ್ಕನೆ ಈ ಕಡೆ ತಿರುಗಿದರು. ಗಂಡನ ಕೆಮ್ಮೂ ಶುರುವಾದಾಗ ಹೀಗೇ ಇತ್ತು.