ಒಳಗಿನ ಸೆಕೆ

ಅಪ್ಪ ಗಣಿಯಿಂದ ಮೇಲೆ ಬಂದಾಗ ಅವರ ಅಂಗಿಯಿಂದ ಸಿಡಿಮದ್ದಿನ ಹೊಗೆ, ಬೆವರು, ಕಾದ ಕಲ್ಲು ಎಲ್ಲ ಬೆರೆತ ಒಂದು ವಾಸನೆ ಬರುತ್ತಿತ್ತು. ಆ ಬೆಳಿಗ್ಗೆ ತಮ್ಮ ಚಲಪತಿಯ ಹೊದಿಕೆ ಎತ್ತಿದಾಗ ಅದೇ ನೆನಪಾಯಿತು. ಹೊದಿಕೆ ಸುಡುತ್ತಿತ್ತು.

ಚಾಂಪಿಯನ್ ರೀಫ್ಸ್ ಚಿನ್ನದ ಗಣಿ ಮುಚ್ಚುವವರೆಗೂ ಅದಕ್ಕೆ ಇಳಿದವನು ಚಲಪತಿ. ಈಗ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ. ಬೇರೆ ಔಷಧಿಗಳು ಸೋತ ಮೇಲೆ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಒಪ್ಪಿಕೊಂಡಿದ್ದ. ಡಾಕ್ಟರ್ ನವ್ಯ ಸ್ಟೆತಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡೇ ಅವನ ಎದೆಗಿಡುತ್ತಿದ್ದಳು.

"ನಾವು ರಕ್ತಕ್ಕೆ ಬಿಡೋ ಈ ಸ್ಟೆಮ್ ಸೆಲ್‌ಗಳು ಗಡ್ಡೆಯನ್ನು ತಾವೇ ಹುಡುಕಿಕೊಂಡು ಹೋಗ್ತವೆ. ಅಲ್ಲಿ ಕೂತು, ಗಡ್ಡೆಯನ್ನು ಕೊಲ್ಲೋ ಪ್ರತಿಕಾಯಗಳನ್ನು ತಯಾರಿಸ್ತವೆ," ಎಂದು ಬಿಡಿಸಿ ಹೇಳಿದ್ದಳು.

"ಕೆಳಕ್ಕೆ ಓದವು ಮೇಲಕ್ಕೆ ಬತ್ತವಾ ಮೇಡಂ?" ಎಂದಿದ್ದ ಚಲಪತಿ.

"ಇಲ್ಲ. ಕೆಲಸ ಮುಗಿಸಿ ಅಲ್ಲೇ ಸಾಯಬೇಕು." ಸೆಲ್‌ಗಳನ್ನು ಅವನ ರಕ್ತಕ್ಕೆ ಹರಿಸಿದ ಮೇಲೆ ನನ್ನ ಕಡೆ ತಿರುಗಿ, "ಜ್ವರ ಬಂದರೆ ಆ ಕ್ಷಣವೇ ಫೋನ್ ಮಾಡಿ. ತಡವಾದರೆ ಜೀವಕ್ಕೇ ಅಪಾಯ," ಎಂದಿದ್ದಳು.

ಆ ಬೆಳಿಗ್ಗೆ ಹೊದಿಕೆ ಸರಿಸಿ, "ಯಾವಾಗಿಂದಲೋ ಜ್ವರ?" ಎಂದೆ.

"ಮೊನ್ನೆಯಿಂದ. ಸೆಲ್ವಿಗೂ ಏಳಿಲ್ಲ." ಹೆಂಡತಿಗೂ ಮುಚ್ಚಿಟ್ಟಿದ್ದವನು ಒಣಗಿದ ತುಟಿಯಲ್ಲೇ ನಕ್ಕ. "ನೀ ಕಾಲೇಜು ಓದ್ದೋಳು, ಗಣಿ ಇಳ್ದೋಳಲ್ಲ. ಕೆಳಕ್ಕೆ ಓದಷ್ಟೂ ಸೆಕೆ ಕಣಕ್ಕಾ, ಕಲ್ಲೇ ಸುಡ್ತೈತೆ. ಆ ಸೆಲ್ಲುಗಳೂ ನಮ್ಮೋರೇ, ಗಡ್ಡೆ ತಾವ ಇಳ್ದವ್ರೆ, ಅದಕ್ಕೇ ಈ ಕಾವು. ಶಿಫ್ಟು ನಡೀವಾಗ ಯಾರಾನಾ ಗಂಟೆ ಬಾರ್ಸಿ ಮೇಲಕ್ಕೆ ಕರೀತಾರಾ?"

ನಾನು ನವ್ಯಳಿಗೆ ಫೋನ್ ಮಾಡಿದೆ. "ಬಂಗಾರಪೇಟೆಗೆ ಹೋಗಿ ರೈಲಿಗೆ ಕಾಯಬೇಡಿ ಅಮ್ಮ, ಕಾರಿನಲ್ಲೇ ಬನ್ನಿ. ನಾನು ಬಾಗಿಲಲ್ಲೇ ಇರ್ತೀನಿ."

ಪಕ್ಕದ ಮನೆಯ ವಿಜಯಕುಮಾರ್ ಕಾರು ತಂದ. ಹಿಂದಿನ ಸೀಟಿಗೆ ತನ್ನದೇ ದಿಂಬು ಹಾಕಿದ. ಒಳಗೆ ಕೂತ ಚಲಪತಿ ನನ್ನ ಕೈಯನ್ನು ಎದೆಗೆ ಒತ್ತಿಕೊಂಡ. ಅವನ ಕಣ್ಣು ಬೇರೆಲ್ಲೋ ಇತ್ತು.

"ಒಳಗಿಂದ ಬಡೀತಾವ್ರೆ, ಕೇಳುಸ್ತಾ? ಮೇಲಕ್ಕೆ ಬರಾಕೆ ದಾರಿ ಸಿಕ್ತಿಲ್ಲ ಅವ್ರಿಗೆ."

ಅಂಗೈ ಕೆಳಗೆ ಅವನ ಎದೆ ತಾಳ ತಪ್ಪಿ ಬಡಿಯುತ್ತಿತ್ತು.

ಗಣಿ ನಡೆಯುತ್ತಿದ್ದ ಕಾಲಕ್ಕೆ, ಮಾತಾಡಿಸಿದರೆ ಮೇಲೆ ಬರಲಾರನೆಂಬ ಭಯಕ್ಕೆ, ಶಿಫ್ಟಿಗೆ ಹೊರಟವನನ್ನು ನಮ್ಮ ಗಣಿ ಕಾರ್ಮಿಕರ ಲೈನ್ ಮನೆಗಳ ಹೆಂಗಸರು ಮಾತಾಡಿಸುತ್ತಿರಲಿಲ್ಲ. ಬುತ್ತಿ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು. ಗಣಿ ಮುಚ್ಚಿದ ಮೇಲೆ ಹೆಂಡತಿ ಸೆಲ್ವಿ ಬಾಯಿ ಮುಚ್ಚಿದ್ದೇ ಇಲ್ಲ ಎಂದು ಚಲಪತಿ ಗೇಲಿ ಮಾಡುವುದಿತ್ತು.

ಸೆಲ್ವಿ ಹೊರಗೆ ಬಂದಳು. ಜ್ವರ ಮುಚ್ಚಿಟ್ಟದ್ದಕ್ಕೆ ಬೈಯುತ್ತಾಳೆ ಎಂದುಕೊಂಡೆ. ರಸದನ್ನದ ಕ್ಯಾರಿಯರನ್ನು ಸೆರಗಿನಲ್ಲಿ ಒರೆಸಿ, ಏನೂ ಹೇಳದೆ, ಅವನ ಕೈಗೆ ಕೊಟ್ಟಳು.