ಓದದ ಹಾಳೆ

ತಂಡದಲ್ಲಿ ಪಿಟೀಲು ಅಕ್ಕನದು, ಕಾರುಬಾರೂ ಅಕ್ಕನದೇ. ಹೋದ ವರ್ಷ ಕೊಳಲಿನವನು ಜ್ವರವೆಂದು ಕೊನೆ ಗಳಿಗೆಯಲ್ಲಿ ಕೈಕೊಟ್ಟಾಗ ಅವಳಿಗೆ ರೇಗಿಹೋಗಿತ್ತು. ಮಾರನೆಯ ದಿನವೇ ಕರಾರು ಬರೆದಳು: ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಕೊಡಬೇಕು, ಬಾರದವರ ಜಾಗದಲ್ಲಿ ಸ್ಪೀಕರ್ ನುಡಿಯುತ್ತದೆ. ಎಲ್ಲರೂ ಓದದೆ ಸಹಿ ಹಾಕಿದರು. ಕೊಳಲಿನವನಿಗೆ ಜ್ವರ ಬಿಟ್ಟ ಮೇಲೂ ಯಾರೂ ಬಾ ಎನ್ನಲಿಲ್ಲ. ಆಮೇಲೆ ಗಿಟಾರಿನವನ ಕುರ್ಚಿಯೂ ಹೋಯಿತು. ಕೇಳುಗರಿಗೆ ಗೊತ್ತೇ ಆಗಲಿಲ್ಲವೆಂದು ಅಕ್ಕ ಆಯೋಜಕರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಇಂದು ಬೆಳಿಗ್ಗೆ ಅವಳು ಸಭಾಂಗಣಕ್ಕೆ ಬಂದಾಗ, ಅವಳು ನಿಲ್ಲುವ ಜಾಗದಲ್ಲಿ ಒಂದು ಕಪ್ಪು ಸ್ಪೀಕರ್ ನಿಂತಿತ್ತು. ಡ್ರಮ್ಸ್ ಬಿಗಿಮಾಡುತ್ತಿದ್ದ ಅವಳ ತಮ್ಮ ತಲೆ ಎತ್ತಲಿಲ್ಲ.

"ಏನೋ ಇದು?"

"ಆಯೋಜಕರು ಕೇಳಿದ್ರು ಅಕ್ಕ, ನಾನು ಹೂಂ ಅಂದೆ. ನಿನ್ನ ಬೆರಳು ಬೇರೆ ನೋಯ್ತಿರತ್ತಲ್ಲ. ಅವರು ಸಹಿ ಹಾಕಿಸ್ಕೊಂಡ ಹಾಳೆ ಅಲ್ಲೇ ಇದೆ ನೋಡು."

"ನಾನು ಬಂದಿದೀನಲ್ಲೋ. ಇಲ್ಲೇ ನಿಂತಿದೀನಿ."

ಧ್ವನಿ ನೋಡಿಕೊಳ್ಳುವವನು ಗುಂಡಿ ಒತ್ತಿದ. ಖಾಲಿ ಕುರ್ಚಿಗಳ ನಡುವೆ ಅವಳದೇ ಪಿಟೀಲು ನುಡಿಯತೊಡಗಿತು. ಎಲ್ಲೂ ಒಂದು ತಪ್ಪೂ ಇರಲಿಲ್ಲ.

ಅಕ್ಕ ಹಾಳೆ ಎತ್ತಿಕೊಂಡಳು. ಕೆಳಗೆ ತಮ್ಮನ ಸಹಿ, ಅವಸರದ್ದು.

"ಓದಿದ್ಯಾ ಇದನ್ನ?"

"ಓದೋಕೇನಿದೆ ಅಕ್ಕ, ನೀನೇ ಬರೆದ ಕರಾರು ತಾನೇ."

ಅವಳು ಹಾಳೆ ತಿರುಗಿಸಿದಳು. ಹಿಂಬದಿಯಲ್ಲಿ ಆಯೋಜಕರು ಸೇರಿಸಿದ್ದ ಒಂದೇ ಸಾಲಿತ್ತು: ಮುಂದಿನ ತಿಂಗಳಿನಿಂದ ಡ್ರಮ್ಸ್ ಜಾಗಕ್ಕೂ ಸ್ಪೀಕರ್.

ಅವಳು ಹಾಳೆಯನ್ನು ಮೊದಲಿದ್ದಂತೆಯೇ ಇಟ್ಟು, ತೆರೆಯದ ಪಿಟೀಲಿನ ಪೆಟ್ಟಿಗೆ ಎತ್ತಿಕೊಂಡು, ಬಾಗಿಲ ಕಡೆ ನಡೆದಳು.

"ಚೆನ್ನಾಗಿ ಬಾರಿಸೋ," ಎಂದಳು.